ಕಾಕಾನ ಗಂಟಲಲ್ಲಿ ಹವಾಲ್ದಾರ

ನಾನೀಗ ಮಾತ್ರೆ ನುಂಗುವುದಿಲ್ಲ. ನೆಗಡಿಯ ಸಣ್ಣ ಮಾತ್ರೆಯಾದರೂ ಸರಿ, ಎರಡು ಚಮಚಗಳ ನಡುವೆ ಇಟ್ಟು ಪುಡಿ ಮಾಡಿ, ನೀರಿನಲ್ಲಿ ಕದಡಿ, ಮುಖ ಹಿಂಡಿಕೊಂಡು ಕುಡಿಯುತ್ತೇನೆ. ಡಾಕ್ಟರು ಕ್ಯಾಪ್ಸೂಲ್ ಬರೆದರೆ, ಅದೇ ಔಷಧ ಸಿರಪ್ಪಿನಲ್ಲಿ ಸಿಗುತ್ತದೆಯೇ ಎಂದು ಕೇಳುತ್ತೇನೆ. ಮೊನ್ನೆ ದಾಂಡೇಲಿಯ ಔಷಧದ ಅಂಗಡಿಯವನು ಬಾಟಲಿ ಕೈಗೆ ಕೊಡುತ್ತ, "ಕೂಸಿಗೆ ಎಷ್ಟು ವರ್ಷರೀ ಮೇಡಂ?" ಎಂದು ಕೇಳಿದ. "ಮೂವತ್ತೆಂಟು" ಎಂದು ಹೇಳಿ ಬಾಟಲಿ ಚೀಲಕ್ಕೆ ಹಾಕಿಕೊಂಡು ಬಂದೆ.

ವಿಚಿತ್ರವೆಂದರೆ, ನುಂಗುವ ವಿದ್ಯೆಯಲ್ಲಿ ನಾನು ಒಳ್ಳೆಯ ಗುರುವಿನ ಶಿಷ್ಯೆ. ನಮ್ಮ ಅಪ್ಪ ತೇರಗಾಂವದಲ್ಲಿ ಹೊಲ ನೋಡಿಕೊಂಡಿದ್ದರು. ನನ್ನನ್ನು ಶಾಲೆಗೆಂದು ದಾಂಡೇಲಿಯಲ್ಲಿದ್ದ ತಮ್ಮನ ಮನೆಗೆ ಬಿಟ್ಟರು. ತಮ್ಮ ಎಂದರೆ ನಮ್ಮ ಈರಣ್ಣ ಕಾಕಾ, ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಕಾಕಾ ಮತ್ತು ಕಾಕುಗೆ ಮಕ್ಕಳಿರಲಿಲ್ಲ. ಶಾಲೆಗೆಂದು ಬಂದವಳು ನಾನು ಅಲ್ಲೇ ಉಳಿದುಬಿಟ್ಟೆ. ಮೂರನೇ ಇಯತ್ತೆಯಲ್ಲಿ ಚಳಿಜ್ವರ ಬಂದಾಗ ಕಹಿ ಮಾತ್ರೆ ನುಂಗಲಾರದೆ ನಾನು ಅದನ್ನು ದವಡೆಯ ಸಂದಿಯಲ್ಲಿಟ್ಟು, ಆಮೇಲೆ ಕಿಟಕಿಯಿಂದ ಉಗಿಯುತ್ತಿದ್ದೆ. ಕಿಟಕಿಯ ಕೆಳಗೆ ಬಿಳಿಯ ಮಾತ್ರೆಗಳ ಸಾಲು ಕಂಡ ಕಾಕು ಬೈಯಲಿಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಕಾಕಾ, "ಬೈಬ್ಯಾಡ. ಅಕೀಗೆ ನುಂಗಾಕ ಬರೂದಿಲ್ಲ. ನಾ ಕಲಸ್ತೇನಿ" ಎಂದರು.

ಕಲಿಸಿದರು ಕೂಡ. ಬೆಲ್ಲದ ಚೂರು ಮಾಡಿ, ಮೊದಲು ಸಾಸಿವೆಯಷ್ಟು, ಆಮೇಲೆ ಕಡಲೆಯಷ್ಟು. "ತಲಿ ಹಿಂದಕ್ಕ ಹಾಕು. ಕಣ್ಣ ಮುಚ್ಚು. ಗಂಟಲಾ ನಂದಲ್ಲ ಅಂತ ತಿಳಕೋ. ಹಾಂ, ಈಗ ಗುಟುಕ್!" ಎನ್ನುವರು. ಗಂಟಲು ನನ್ನದಲ್ಲ ಎಂದುಕೊಂಡ ಕೂಡಲೇ ಬೆಲ್ಲ ಜಾರಿ ಹೋಗುತ್ತಿತ್ತು. ಕಾಕಾ ಸ್ವತಃ ಜಾಮೂನನ್ನು ಕಚ್ಚಿದ್ದು ನಾನು ನೋಡಿಲ್ಲ. ಬೋರೆಹಣ್ಣನ್ನು ಬೀಜಸಮೇತ ಇಳಿಸುತ್ತಿದ್ದರು. ಕಾಕು ಬಡಿಸುತ್ತ, "ಹಲ್ಲು ಯಾಕ ಕೊಟ್ಟಾನ್ರೀ ದೇವ್ರು ನಿಮಗ? ನಗಾಕಷ್ಟನ?" ಎನ್ನುವಳು. ಕಾಕಾ ಆ ಹಲ್ಲನ್ನೇ ತೋರಿಸಿ ನಗುವರು.

ಇಂಥ ಗಂಟಲಿಗೆ ಒಂದೇ ಶತ್ರು, ದಮ್ಮು. ಅದು ಕಾಕಾಗೆ ಅವರ ಅಪ್ಪನಿಂದ ಬಂದ ಆಸ್ತಿ. ಮೋಡ ಕವಿದರೆ ಸಾಕು, ಎದೆಯಲ್ಲಿ ಯಾರೋ ಪೀಪಿ ಊದಿದಂತೆ ಸದ್ದು. ಡಾಕ್ಟರು ಕೊಟ್ಟ ಇನ್ಹೇಲರನ್ನು ಕಾಕಾ 'ಪಿಚಕಾರಿ' ಎಂದು ಕರೆದು ಟ್ರಂಕಿನಲ್ಲಿಟ್ಟಿದ್ದರು. ಅವರ ನಂಬಿಕೆಯೆಲ್ಲ ಮಿರಗದ ಮೇಲೆ. ಮೃಗಶಿರಾ ಮಳೆ ಹುಟ್ಟುವ ದಿನವನ್ನು ನಮ್ಮ ಕಡೆ ಮಿರಗ ಎನ್ನುತ್ತೇವೆ. ಆ ದಿನ ಮನೆಮಂದಿಯೆಲ್ಲ ಇಂಗು ಬೆಲ್ಲ ಕೂಡಿಸಿ ಒಂದೊಂದು ಉಂಡೆ ತಿನ್ನುವುದು ವಾಡಿಕೆ. ದಮ್ಮು ಇದ್ದವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಔಷಧದ ಗುಳಿಗೆಯನ್ನು ಸಣ್ಣ ಜೀವಂತ ಮೀನಿನ ಬಾಯಿಗೆ ಮೆತ್ತಿ, ಮಳೆ ಕೂಡುವ ಗಳಿಗೆಗೆ ಸರಿಯಾಗಿ ಮೀನನ್ನು ಇಡಿಯಾಗಿ ನುಂಗಿಬಿಡುವುದು. ಕಾಕಾ ಪ್ರತಿ ವರ್ಷ ಬಸ್ಸು ಹಿಡಿದು, ಔಷಧ ಕೊಡುವವರ ಊರಿಗೆ ಹೋಗಿ, ಸಾಲಿನಲ್ಲಿ ನಿಂತು ನುಂಗಿ ಬರುತ್ತಿದ್ದರು. ಅಲ್ಲಿ ಕೊಡುವುದು ನುಣುಪು ಮೈಯ ಮರಿಮೀನು. ಕಾಕಾಗೆ ಅದು ಜಾಮೂನಿಗಿಂತ ಸುಲಭ.

ಇಲ್ಲೊಂದು ಮಾತು ಹೇಳಬೇಕು. ನಮ್ಮದು ಮೀನು ಮಾಂಸ ಮುಟ್ಟದ ಮನೆ. ಒಮ್ಮೆ ಸಣ್ಣವಳಿದ್ದಾಗ ನಾನು, "ಕಾಕಾ, ನೀವು ಮೀನು ತಿಂದ್ರಿ!" ಎಂದು ಚೀರಿದ್ದಕ್ಕೆ ಮನೆಯಲ್ಲಿ ಬಿರುಗಾಳಿ ಎದ್ದಿತ್ತು. ಕಾಕು ನನ್ನ ಕಿವಿ ಹಿಂಡಿ, "ತಿನ್ನೂದು ಬ್ಯಾರೆ, ನುಂಗೂದು ಬ್ಯಾರೆ. ಹಲ್ಲಿಗೆ ಹತ್ತಿದ್ರ ಅದು ಊಟ. ಹತ್ತದಿದ್ರ ಔಷಧ" ಎಂದು ತೀರ್ಪು ಕೊಟ್ಟಿದ್ದಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹಳಿಯಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಇವತ್ತಿಗೂ ಆ ತೀರ್ಪಿಗೆ ಎದುರು ಹೇಳಿಲ್ಲ.

ಇನ್ನು ಹವಾಲ್ದಾರರ ವಿಷಯ. ನೌಕರಿ ಕಾಯಂ ಆದ ಖುಷಿಗೆ ನಾನು ಹುಬ್ಬಳ್ಳಿಯಿಂದ ಗಾಜಿನ ಮೀನಿನ ತೊಟ್ಟಿಯೊಂದನ್ನು ತಂದೆ. ಅದರಲ್ಲಿ ಬಣ್ಣಬಣ್ಣದ ಗಪ್ಪಿಗಳು, ತಳ ಗುಡಿಸಲಿಕ್ಕೆ ಕೋರಿ ಎಂಬ ಜಾತಿಯ ನಾಲ್ಕಾರು ಮೀನು. ಕೋರಿ ಬೆರಳುದ್ದದ ಜೀವ, ಮಣ್ಣಿನ ಬಣ್ಣ. ಮೂತಿಯ ಕೆಳಗೆ ಮೀಸೆ. ಮೈಮೇಲೆ ಹುರುಪೆಯ ಬದಲು ಎರಡು ಸಾಲು ಎಲುಬಿನ ಹಂಚು, ಮನೆಯ ಮಾಡಿಗೆ ಹೊದಿಸಿದ ಹಾಗೆ ಒಂದರ ಮೇಲೊಂದು. ಅಂಗಡಿಯವನು ಗಪ್ಪಿಗಳನ್ನು ಬಲೆಯಿಂದ ಹಿಡಿದ, ಕೋರಿಗಳನ್ನು ಮಾತ್ರ ಪ್ಲಾಸ್ಟಿಕ್ ಮಗ್ಗಿನಿಂದ ಮೊಗೆದ. "ಇವಕ್ಕ ಬಲಿ ಹಾಕಬ್ಯಾಡ್ರಿ ಮೇಡಂ. ಅಂಜಿದ್ರ ಮುಳ್ಳು ನಿಂದರಸ್ತಾವು. ಬಲಿ ಹರೀಬೇಕು, ಇಲ್ಲಾ ಮೀನು ಹರೀಬೇಕು, ಬಿಡೂದಿಲ್ಲ" ಎಂದ. ನಾನು ಎಂ.ಎಸ್ಸಿ.ಯ ಗತ್ತಿನಿಂದ ತಲೆಯಾಡಿಸಿದೆ. ಬೆನ್ನಿನ ಮೇಲೊಂದು ಮುಳ್ಳು, ಎರಡು ಪಕ್ಕಕ್ಕೂ ಒಂದೊಂದು. ಬೇಕೆಂದಾಗ ಅವನ್ನು ಕೀಲು ಹಾಕಿದಂತೆ ಬಿಗಿಮಾಡಿ ನಿಲ್ಲಿಸಬಲ್ಲವು. ಇದನ್ನು ನಾನು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದ್ದೇನೆ, ಸಹೋದ್ಯೋಗಿಗಳಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಪರಿಚಯವಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಮನೆಯಲ್ಲಿ ಹೇಳಬೇಕೆಂದು ಹೊಳೆಯಲಿಲ್ಲ.

ಮೀಸೆ, ಕವಚ, ಮೇಲಾಗಿ ಸದಾ ತಳದಲ್ಲಿ ಗಸ್ತು. ಕಾಕಾ ಅವುಗಳಿಗೆ ಹವಾಲ್ದಾರ ಎಂದು ಹೆಸರಿಟ್ಟರು. ನಿವೃತ್ತರಾದ ಮೇಲೆ ಅವರ ಖುರ್ಚಿ ತೊಟ್ಟಿಯ ಪಕ್ಕಕ್ಕೇ ಬಂತು. ಪೇಪರು ಓದುತ್ತ, "ಏನಪಾ ಹವಾಲ್ದಾರ, ಎಲ್ಲಾ ಆರಾಮ?" ಎನ್ನುವರು. ಆ ಮೀನಿಗೆ ಕಣ್ಣುಗುಡ್ಡೆ ಕೆಳಕ್ಕೆ ತಿರುಗಿಸುವ ಚಟ ಇದೆ, ನೋಡಿದವರಿಗೆ ಕಣ್ಣು ಹೊಡೆದಂತೆ ಕಾಣುತ್ತದೆ. "ನೋಡು ನೋಡು, ಸಲಾಮು ಹೊಡೀತು!" ಎಂದು ಕಾಕಾ ಕುಣಿಯುವರು. ಮುಳುಗುವ ಆಹಾರದ ಬಿಲ್ಲೆಗಳನ್ನು ಬೆರಳಲ್ಲಿ ಹಿಡಿದು ನೀರೊಳಗೆ ಕೈಯಿಟ್ಟರೆ ಹವಾಲ್ದಾರರು ಬಂದು ಬೆರಳಿಗೆ ಮೀಸೆ ಉಜ್ಜುತ್ತಿದ್ದರು. ಅವು ನಡುನಡುವೆ ತಟ್ಟನೆ ಬಾಣದಂತೆ ಮೇಲಕ್ಕೆ ಹಾರಿ, ಗಾಳಿಯ ಒಂದು ಗುಟುಕು ನುಂಗಿ, ಮತ್ತೆ ತಳಕ್ಕೆ ಬರುತ್ತವೆ. ಕಾಕಾ ಇದನ್ನು ದಿನಗಟ್ಟಲೆ ನೋಡಿದರು. ನೋಡುತ್ತ ನೋಡುತ್ತ ಅವರ ತಲೆಯಲ್ಲಿ ಏನು ಬೆಳೆಯುತ್ತಿದೆ ಎಂದು ನಮಗೆ ಗೊತ್ತಾಗಲಿಲ್ಲ.

ಹೋದ ವರ್ಷದ ಮಿರಗಕ್ಕೆ ಮೊಣಕಾಲಿನ ಬಾವಿನಿಂದಾಗಿ ಕಾಕಾ ಬಸ್ಸು ಹತ್ತುವಂತಿರಲಿಲ್ಲ. ಹಿಂದಿನ ಸಲ ತಂದ ಗುಳಿಗೆಯೊಂದು ದೇವರ ಜಗಲಿಯಲ್ಲಿತ್ತು. ಕಾಳಿ ಹೊಳೆಯಿಂದ ಮರಿಮೀನು ತಂದುಕೊಡುತ್ತೇನೆಂದು ಪರಿಚಯದವನೊಬ್ಬ ಮಾತು ಕೊಟ್ಟಿದ್ದ. ಬೆಳಗಾಯಿತು, ಅವನು ಬರಲಿಲ್ಲ. ಪಂಚಾಂಗದ ಗಳಿಗೆ ಹತ್ತಿರ ಬಂತು. ಕಾಕಾ ಬಾಗಿಲಿಗೂ ಗಡಿಯಾರಕ್ಕೂ ಅಡ್ಡಾಡಿದರು. ಕಾಕು ಅಡುಗೆಮನೆಯಲ್ಲಿ ಇಂಗು ಬೆಲ್ಲ ಕುಟ್ಟುತ್ತ, "ಈ ವರ್ಷ ಉಂಡಿ ಅಷ್ಟ ತಿನ್ರಿ. ಮೀನು ಇಲ್ಲಂದ್ರ ಮಿರಗ ತಿರಿಗಿ ಹೋಗೂದಿಲ್ಲ" ಎಂದಳು. ನಾನು ಒಳಕೋಣೆಯಲ್ಲಿ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದೆ. ಹಳಿಯಾಳದ ಬಸ್ಸಿಗೆ ಇನ್ನೇನು ಹೊರಡಬೇಕು.

ಹೊರಗೆ ಸ್ಟೀಲಿನ ತಂಬಿಗೆ ಬಿದ್ದ ಸದ್ದಾಯಿತು. ಬಿದ್ದ ತಂಬಿಗೆ ಉರುಳುತ್ತ ಉರುಳುತ್ತ ಗೋಡೆಗೆ ತಾಗಿ ನಿಂತಿತು. ಅದನ್ನು ಎತ್ತುವ ಸದ್ದಿಲ್ಲ, ಬೈಗುಳವಿಲ್ಲ, ಕೆಮ್ಮೂ ಇಲ್ಲ. ದಮ್ಮಿನವರ ಮನೆಯಲ್ಲಿ ಬೆಳೆದವರಿಗೆ ಕೆಮ್ಮು ಕೇಳಿಸಿದರೆ ಹೆದರಿಕೆಯಾಗುವುದಿಲ್ಲ. ಕೇಳಿಸದಿದ್ದರೆ ಆಗುತ್ತದೆ.

ಓಡಿ ಬಂದೆ. ಕಾಕಾ ತೊಟ್ಟಿಯ ಮುಂದೆ ನಿಂತಿದ್ದಾರೆ. ಅಂಗಿಯ ತೋಳು ಮೊಣಕೈವರೆಗೆ ಮಡಿಚಿದೆ, ಕೈಯಿಂದ ನೀರು ತೊಟ್ಟಿಕ್ಕುತ್ತಿದೆ. ಎರಡೂ ಕೈ ಕುತ್ತಿಗೆಯ ಮೇಲೆ. ಕಣ್ಣು ನನ್ನನ್ನು ನೋಡುತ್ತಿವೆ, ಆದರೆ ಆ ಕಣ್ಣಿನಲ್ಲಿ ನನ್ನ ಕಾಕಾ ಇಲ್ಲ. ಎಂದೂ ಯಾವುದಕ್ಕೂ ಹೆದರದ ಗಂಟಲು ತನಗೇ ದ್ರೋಹ ಮಾಡಿತು ಎಂಬ ಬೆರಗಷ್ಟೇ ಇದೆ. ನಾನು ಮೊಬೈಲಿನ ಟಾರ್ಚು ಹಾಕಿ ಬಾಯೊಳಗೆ ನೋಡಿದೆ. ನಾಲಗೆಯ ಹಿಂದೆ, ಕಿರುನಾಲಗೆಯ ಕೆಳಗೆ, ಮಣ್ಣಿನ ಬಣ್ಣದ ಬಾಲ. ಅದು ಅತ್ತ ಇತ್ತ ಬಡಿಯಿತು.

ಈಗಲೂ ಪಾತ್ರೆ ತೊಳೆಯುವಾಗ, ಹಾಜರಿ ಕೂಗುವಾಗ, ಬಸ್ಸು ಕಾಯುವಾಗ, ಯಾವ ಸಂಬಂಧವೂ ಇಲ್ಲದ ಹೊತ್ತಿನಲ್ಲಿ ಆ ಬಾಲ ನನ್ನ ಕಣ್ಣ ಮುಂದೆ ಬಡಿಯುತ್ತದೆ.

ಕಾಕಾ ಎರಡು ಬೆರಳು ಬಾಯೊಳಗೆ ಹಾಕಿ ಬಾಲವನ್ನು ಹಿಡಿದರು. ಎಳೆಯಲು ಹೊರಟರು. ಆ ಕ್ಷಣ ನನ್ನ ತಲೆಗೆ ಬಂದದ್ದು ಪುಸ್ತಕವಲ್ಲ, ಹುಬ್ಬಳ್ಳಿಯ ಅಂಗಡಿಯವನ ಪ್ಲಾಸ್ಟಿಕ್ ಮಗ್ಗು. ಬಲೆ ಹರಿಯಬೇಕು ಇಲ್ಲಾ ಮೀನು ಹರಿಯಬೇಕು. ಇಲ್ಲಿ ಬಲೆ ಎಂದರೆ ಕಾಕಾನ ಗಂಟಲು.

"ಎಳೀಬ್ಯಾಡ್ರಿ!" ಎಂದು ಕಿರುಚಿ ಅವರ ಮಣಿಕಟ್ಟು ಹಿಡಿದುಕೊಂಡೆ. ಕಾರ್ಖಾನೆಯಲ್ಲಿ ದುಡಿದ ಕೈ ಅದು, ನನಗೆ ಬಗ್ಗುವಂಥದ್ದಲ್ಲ. ಅವರು ಎಳೆಯಲು, ನಾನು ತಡೆಯಲು ಜಗ್ಗಾಡಿದೆವು. "ಕಾಕಾ, ಅದರ ಮುಳ್ಳು ನಿಂತಾವು. ಎಳದ್ರ ಗಂಟಲಾ ಹರೀತೈತಿ. ನನ್ನ ಮಾತು ಕೇಳ್ರಿ. ಮೂಗಿಲೆ ಉಸರ ತಗೋರಿ, ಸಾವಕಾಶ." ಅವರ ಬೆರಳು ಸಡಿಲವಾದವು. ಮೀನಿನ ಪಕ್ಕದಲ್ಲಿ ಎಲ್ಲೋ ಸ್ವಲ್ಪ ಸಂದಿ ಇತ್ತು. ಅದರಿಂದ ಗಾಳಿ ಸಿಳ್ಳೆ ಹಾಕುತ್ತ ಒಳಗೆ ಹೋಗುತ್ತಿತ್ತು. ಎಂದಿನ ಪೀಪಿಯೇ, ಆದರೆ ಈಗ ಅದು ನಿಂತರೆ ಎಲ್ಲ ನಿಂತಂತೆ.

ಕಾಕು ಬಂದು ನೋಡಿ, ಒಳಗೆ ಹೋಗಿ, ಅನ್ನದ ದೊಡ್ಡ ಉಂಡೆ ಹಿಡಿದುಕೊಂಡು ಬಂದಳು. "ಇದನ್ನ ನುಂಗ್ರಿ, ಅದನ್ನೂ ಒಳಗ ದಬ್ಬತೈತಿ." ನಾನು ಅವಳ ಕೈಯನ್ನೂ ಹಿಡಿಯಬೇಕಾಯಿತು. ಅಷ್ಟರಲ್ಲಿ ನನ್ನ ಕಿರುಚಾಟ ಕೇಳಿ ಎದುರುಮನೆಯ ಆಟೋದ ಮಾರುತಿ ಓಡಿ ಬಂದ.

"ಅನ್ನದ ಉಂಡಿ ಬರೋಬರಿ ಐತಿ ಅಕ್ಕಾರ. ನನಗ ಬಂಗಡಿ ಮೀನಿನ ಮುಳ್ಳು ಸಿಕ್ಕಾಗ ಹಂಗ ಮಾಡಿದ್ರು."

"ಮುಳ್ಳಲ್ಲೋ ಮಾರುತಿ, ಮೀನ ಐತಿ! ಇಡೀ ಮೀನು!"

ಮಾರುತಿ ಬಾಯಿ ತೆರೆದು ನಿಂತ. "ಕಾಕಾರು ಮೀನು ತಿಂತಾರೇನ್ರೀ?"

ಗಂಡನ ಪ್ರಾಣ ಗಂಟಲಲ್ಲಿದ್ದರೂ ಕಾಕು ಬಿಡಲಿಲ್ಲ. "ತಿಂದಿಲ್ಲೋ! ನುಂಗ್ಯಾರ! ಆಟೋ ತಗೀ ಮೊದ್ಲು!"

ದಾಂಡೇಲಿಯಲ್ಲಿ ನೋಡಿದ ಡಾಕ್ಟರು ಟಾರ್ಚು ಹಾಕಿದರು, ಟಾರ್ಚು ಆರಿಸಿದರು, ಮತ್ತೆ ಹಾಕಿದರು. "ಇದನ್ನ ಇಲ್ಲೆ ಮುಟ್ಟಾಕ ಆಗೂದಿಲ್ಲ. ಧಾರವಾಡಕ್ಕ ಹೋಗ್ರಿ. ಮಲಗಸಬ್ಯಾಡ್ರಿ, ಮುಂದ ಬಾಗಿಸಿ ಕೂಡಸ್ರಿ. ನೀರೂ ಕುಡಸಬ್ಯಾಡ್ರಿ" ಎಂದು ಆಮ್ಲಜನಕ ಹಚ್ಚಿ ಆಂಬುಲೆನ್ಸಿಗೆ ಹತ್ತಿಸಿದರು.

ಆ ದಾರಿ ನನಗೆ ಅಂಗೈಯಷ್ಟು ಪರಿಚಯ. ದಿನವೂ ಹಳಿಯಾಳಕ್ಕೆ ಹೋಗುವವಳು. ಯಾವ ತಿರುವಿನಲ್ಲಿ ಸಾಗವಾನಿಯ ನೆರಳು ಮುಗಿದು ಬಿಸಿಲು ಬೀಳುತ್ತದೆ, ಯಾವ ಊರಿನ ಉಬ್ಬಿಗೆ ಟಿಫಿನ್ ಡಬ್ಬಿ ಹಾರುತ್ತದೆ, ಎಲ್ಲ ಗೊತ್ತು. ಅವತ್ತು ಪ್ರತಿ ಉಬ್ಬಿಗೂ ನಾನು ಕಾಕಾನ ಹಣೆಯನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದೆ. ಕಾಕು ಅವರ ಬಾಯಿಯಿಂದ ಸುರಿಯುವ ಜೊಲ್ಲನ್ನು ಟವೆಲಿನಿಂದ ಒರೆಸುತ್ತಿದ್ದಳು. ಟವೆಲಿನಲ್ಲಿ ರಕ್ತದ ಎಳೆ ಕಂಡು ಅದನ್ನು ಒಳಮುಖವಾಗಿ ಮಡಚಿದಳು. ಮೀನು ಒಳಗೆ ಬಡಿದಾಗಲೆಲ್ಲ ಕಾಕಾನ ಕಣ್ಣು ಅರಳುತ್ತಿದ್ದವು. ಎರಡು ಜೀವ, ಒಂದೇ ಗಂಟಲು, ಎರಡಕ್ಕೂ ಗಾಳಿ ಬೇಕು. ನೀರಿನ ಹೊರಗೂ ಗಾಳಿ ನುಂಗಿ ಸ್ವಲ್ಪ ಹೊತ್ತು ಬದುಕಬಲ್ಲ ಮೀನು ಅದು. ಇದನ್ನೂ ನಾನು ಮಕ್ಕಳಿಗೆ ಹೆಮ್ಮೆಯಿಂದ ಪಾಠ ಮಾಡಿದ್ದೆ.

ಹಳಿಯಾಳದಲ್ಲಿ ನನ್ನ ಶಾಲೆಯ ತಿರುವು ದಾಟುವಾಗ ಕಾಕಾ ನನ್ನ ಕೈ ಒತ್ತಿದರು. ಗಂಟಲು ತೋರಿಸಿ, ಅಂಗೈ ಅಡ್ಡ ಅಲ್ಲಾಡಿಸಿದರು. ಬಡಿತ ನಿಂತಿತು ಎಂದು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಿತು. ಅವರ ಕಣ್ಣಿನಿಂದ ನೀರು ಇಳಿಯಿತು. ನೋವಿಗೋ, ಉಸಿರಿಗೋ, ಹವಾಲ್ದಾರನಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸಿಳ್ಳೆಯ ಸದ್ದು ಮಾತ್ರ ಸಣ್ಣದಾಗುತ್ತ ಬಂತು. ಗಂಟಲು ಬಾತುಕೊಂಡು, ಇದ್ದ ಸಂದಿಯೂ ಮುಚ್ಚುತ್ತಿತ್ತು. ತುಟಿಯ ಬಣ್ಣ ಬದಲಾಗುವುದನ್ನು ನಾನು ನೋಡಿದೆ. ಕಾಕುವೂ ನೋಡಿದ್ದಳು, ಟವೆಲನ್ನು ಮತ್ತೆ ಅವರ ತುಟಿಗೇ ಹಿಡಿದಳು.

ಧಾರವಾಡದ ಆಸ್ಪತ್ರೆಯಲ್ಲಿ ಎದುರಾದ ಗಂಟಲಿನ ಡಾಕ್ಟರು ನನಗಿಂತ ಸಣ್ಣ ವಯಸ್ಸಿನ ಹುಡುಗಿ.

"ಏನ್ ಸಿಕ್ಕೇತ್ರೀ?"

"ಮೀನ್ರೀ."

"ಮೀನಿನ ಮುಳ್ಳು?"

"ಅಲ್ರೀ. ಮೀನು. ಪೂರಾ. ಜೀವ ಇದ್ದದ್ದು."

ಆಕೆ ಕಾಕಾನನ್ನು ನೋಡಿದಳು. ಕಾಕಾ ಆ ಸ್ಥಿತಿಯಲ್ಲೂ ಹೌದೆಂದು ತಲೆಯಾಡಿಸಿದರು. "ಯಾಕ?" ಎಂದಳು ಡಾಕ್ಟರು. ಕಾಕು ಹೇಳಿದಳು, "ಉಸರಾಡಾಕ್ರೀ ಡಾಕ್ಟ್ರ."

ಅವರು ಸ್ಟ್ರೆಚರ್ ತಳ್ಳಿಕೊಂಡು ಓಡಿದರು. ಬಾಗಿಲು ಮುಚ್ಚಿತು. ನಾನೂ ಕಾಕುವೂ ಗೋಡೆಗೆ ಒರಗಿ ಕೂತೆವು. ಅವಳ ಕೈಗೆ ಇನ್ನೂ ಅನ್ನದ ಅಗುಳು ಅಂಟಿಕೊಂಡಿದ್ದವು. ಒಣಗಿದ ಒಂದೊಂದೇ ಅಗುಳನ್ನು ಬಿಡಿಸುತ್ತ, "ನೀ ಕೈ ಹಿಡೀದಿದ್ರ ನಾ ಉಂಡಿ ತುರುಕಿ ಬಿಡ್ತಿದ್ನೆಲ್ಲ ಸುಮಾ" ಎಂದಳು.

ಬಾಗಿಲು ತೆರೆದಾಗ ಡಾಕ್ಟರ ಕೈಯಲ್ಲಿ ಸ್ಟೀಲಿನ ತಟ್ಟೆ ಇತ್ತು. "ಉಳದಾರ" ಎಂದಳು ಮೊದಲು. ಆಮೇಲೆ ತಟ್ಟೆ ತೋರಿಸಿದಳು. ಹವಾಲ್ದಾರ ಮಲಗಿದ್ದ. ಸತ್ತರೂ ಬೆನ್ನಿನ ಮುಳ್ಳು ನೆಟ್ಟಗೆ, ಪಕ್ಕದ ಮುಳ್ಳುಗಳು ಕೈ ಚಾಚಿದ ಹಾಗೆ. ನಾನು ಬೆರಳಿನಿಂದ ಒಂದನ್ನು ಮಡಚಲು ನೋಡಿದೆ. ಮಡಚಲಿಲ್ಲ. "ಮುಳ್ಳು ಕತ್ತರಿಸಿ ತಗಿಯೋಣು ಅಂದ್ರ ಕತ್ರಿ ಒಳಗ ಹಾಕಾಕ ಜಾಗ ಇರ್ಲಿಲ್ಲ. ಮುಂದಕ್ಕ ತಿರುವಿ ಬಿಡಿಸಿ ತಗದ್ವಿ. ಬಾಲ ಹಿಡದು ಯಾರರ ಜಗ್ಗಿದ್ರ ಇಲ್ಲೀತನ ಬರ್ತಿರ್ಲಿಲ್ಲ" ಎಂದಳು. ನಾನು ಹೂಂ ಎಂದೆ. ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಆ ಬೆಳಿಗ್ಗೆ ಸೀರೆ ಬೇಗ ಉಟ್ಟುಕೊಂಡು ಒಂದು ಮುಂಚಿನ ಬಸ್ಸಿಗೆ ಹೋಗಿದ್ದರೆ? ಮೊದಲು ಬಂದವನು ಮಾರುತಿಯಾಗಿದ್ದು ಅವನೂ ಕಾಕುವೂ ಸೇರಿ ಉಂಡೆ ತುರುಕಿದ್ದರೆ? ಲೆಕ್ಕ ಹಾಕುತ್ತ ಹೋದರೆ ಪ್ರತಿ ದಾರಿಯೂ ಒಂದೇ ಕಡೆಗೆ ಹೋಗಿ ನಿಲ್ಲುತ್ತದೆ.

ಉಸಿರಾಡಲೆಂದು ಗಂಟಲಿಗೆ ಹಾಕಿದ್ದ ಕೊಳವೆ ತೆಗೆದು ದನಿ ಬಂದ ದಿನ ಕಾಕಾ ಕರ್ಕಶವಾಗಿ ಆಡಿದ ಮೊದಲ ಮಾತು, "ಸುಮವ್ವ, ಗುಳಿಗಿ ಒಳಗ ಹೋತೋ ಇಲ್ಲೋ?"

ಕಾಕು ಸೆರಗು ಸಿಕ್ಕಿಸಿಕೊಂಡು ಎದ್ದಳು. "ಹೋತ್ರೀ! ಇದ್ದಷ್ಟು ಬುದ್ಧೀನೂ ಅದರ ಹಿಂದ ಹೋತು!"

ನಾನು ಕೇಳಿದೆ, ತೊಟ್ಟಿಯಲ್ಲಿ ಅಷ್ಟು ಗಪ್ಪಿಗಳಿದ್ದವಲ್ಲ, ಸಣ್ಣವು, ಮೆತ್ತನೆಯವು, ಹವಾಲ್ದಾರನೇ ಯಾಕೆ? ಕಾಕಾ ಛಾವಣಿ ನೋಡುತ್ತ ಹೇಳಿದರು. "ಬಣ್ಣದ ಮೀನು ಏನ್ ಮಾಡ್ಯಾವವ್ವ? ಇದು ಮ್ಯಾಲ ಬಂದು ಒಂದ ಗುಟುಕು ಗಾಳಿ ತಗೊಂಡು ಎಷ್ಟೊತ್ತು ಕೆಳಗ ಇರ್ತಿತ್ತು! ಅದಕ್ಕಿದ್ದ ದಮ್ಮಿನಾಗ ಅರ್ಧಾ ನನಗ ಬಂದ್ರ ಸಾಕಿತ್ತು ಅನಿಸ್ತು." ಆಮೇಲೆ, "ಕೈಗೂ ತಾನ ಬಂತು. ಬಿಲ್ಲಿ ಕೊಡ್ತಾರ ಅಂತ ತಿಳದು" ಎಂದರು. ಮುಖ ಗೋಡೆಗೆ ತಿರುಗಿಸಿದರು.

ಉಳಿದ ಹವಾಲ್ದಾರರು ಈಗಲೂ ಇದ್ದಾರೆ. ಕಾಕಾನೇ ಬಿಲ್ಲೆ ಹಾಕುತ್ತಾರೆ, ಆದರೆ ಕೈ ನೀರಿಗಿಡುವುದಿಲ್ಲ, ಮೇಲಿನಿಂದ ಬಿಡುತ್ತಾರೆ. ಪಿಚಕಾರಿ ಟ್ರಂಕಿನಿಂದ ಅಂಗಿಯ ಕಿಸೆಗೆ ಬಂದಿದೆ. ಮೊನ್ನೆ ಸಂಜೆ ಅವರು ತೊಟ್ಟಿಯ ಮುಂದೆ ತಲೆ ಹಿಂದಕ್ಕೆ ಹಾಕಿ ಬಾಯಿ ಅಗಲ ತೆರೆದದ್ದು ಕಂಡು ನಾನು ತಪಾಸಣೆಗೆ ತಂದಿದ್ದ ಉತ್ತರಪತ್ರಿಕೆಗಳ ಕಟ್ಟು ಚೆಲ್ಲಿ ಓಡಿದೆ. ಆಕಳಿಸುತ್ತಿದ್ದರು. "ಆಕಳಸೂದೂ ನಿನ್ನ ಕೇಳಿ ಆಕಳಸ್ಬೇಕೇನವ್ವ?" ಎಂದರು. "ಹೌದ್ರೀ" ಎಂದೆ.

ಈ ವರ್ಷದ ಮಿರಗ ಬಂತು. ಗುಳಿಗೆ ಇಲ್ಲ, ಮೀನಿಲ್ಲ. ಕಾಕು ಇಂಗು ಬೆಲ್ಲದ ಉಂಡೆ ಮಾಡಿ ಎಲ್ಲರಿಗೂ ಕೊಟ್ಟಳು. ಕಾಕಾನ ಪಾಲಿನದನ್ನು ನಾನು ಇಸಿದುಕೊಂಡು ಮುರಿದೆ. ಮೊದಲು ಕಡಲೆಯಷ್ಟು, ಅದೂ ದೊಡ್ಡದೆನಿಸಿ ಸಾಸಿವೆಯಷ್ಟು. ಅವರು ತಕರಾರಿಲ್ಲದೆ ಅಂಗೈ ಒಡ್ಡಿದರು. ಅಭ್ಯಾಸದಂತೆ ತಲೆ ಹಿಂದಕ್ಕೆ ಹಾಕಿದವರು ನನ್ನ ಮುಖ ನೋಡಿ ಮುಂದಕ್ಕೆ ತಂದರು. ಬೆಲ್ಲವನ್ನು ಬಾಯಿಗೆ ಹಾಕಿ, ಹಲ್ಲಿನಿಂದ ನಿಧಾನವಾಗಿ ಅಗಿದರು. ಅವರು ಅಗಿಯುವುದನ್ನು ನಾನು ನೋಡಿದ್ದು ಬಹುಶಃ ಅದೇ ಮೊದಲು. ಕುತ್ತಿಗೆಯ ಗಂಟು ಮೇಲೆ ಹೋಯಿತು, ಕ್ಷಣ ನಿಂತಿತು, ಕೆಳಗಿಳಿಯಿತು. ಆಗ ನನಗೆ ಗೊತ್ತಾಯಿತು, ನನ್ನ ಪಾಲಿನ ಉಂಡೆ ಅಂಗೈಯಲ್ಲೇ ಕರಗುತ್ತಿದ್ದರೂ ಅವರ ಜೊತೆಗೆ ನಾನೂ ಬರಿಬಾಯಲ್ಲೇ ನುಂಗಿದ್ದೆ.